ಚಿಪ್ಪು ಹಾಕಿದರೂ 48ಕೆ ಆಗದ ಸ್ಪೆಕ್ಟ್ರಮ್

ಪ್ರಶ್ನೆ: ನಮ್ಮ ಕಾಕಾ ಇಂಗ್ಲೆಂಡಿನಿಂದ ತಂದಿದ್ದ, ಎಂಬತ್ತರ ದಶಕದ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರ್ ಇಷ್ಟು ವರ್ಷ ಅಟ್ಟದ ಮೇಲಿತ್ತು. 16ಕೆ, ಅಂದರೆ 16 ಕಿಲೋಬೈಟ್ ಮೆಮೊರಿಯ ಮಾಡೆಲ್. ಇಳಿಸಿ ಒರೆಸಿ ಹಚ್ಚಿದರೆ ಚೆನ್ನಾಗಿಯೇ ನಡೆಯಿತು. 48ಕೆ ಮಾಡೋಣ ಅಂತ ಖಾಲಿ ಸಾಕೆಟ್‌ಗಳಿಗೆ ಎಂಟು 4164 ಮೆಮೊರಿ ಚಿಪ್ಪು, ನಾಲ್ಕು ಲಾಜಿಕ್ ಚಿಪ್ಪು ಕೂಡಿಸಿದೆ. ಆನ್ ಮಾಡಿದರೆ ಕಾಪಿರೈಟ್ ಸಾಲು ಬರುತ್ತದೆ. ಆದರೆ ‘ಪ್ರಿಂಟ್ ಪೀಕ್ 23732+256*ಪೀಕ್ 23733’ ಕೊಟ್ಟರೆ ಅದೇ ಹಳೇ 32767. ಚಿಪ್ಪು ನಕಲಿ ಇರಬಹುದಾ? ಇನ್ನೊಂದು ಸೆಟ್ ತರಿಸಲಾ?
- ಗದಗಿನ ಓದುಗರೊಬ್ಬರು

ಉತ್ತರ: ಈಗಲೇ ತರಿಸಬೇಡಿ. ಮೊದಲು ಮಶಿನ್ನನ್ನೇ ಕೇಳೋಣ, ತಪ್ಪು ಎಲ್ಲಿದೆ ಅಂತ ಅದು ಹೇಳುತ್ತದೆ.

ಆನ್ ಮಾಡಿದ ತಕ್ಷಣ ಸ್ಪೆಕ್ಟ್ರಮ್ ಮೆಮೊರಿಯ ಎಲ್ಲ ಮನೆಗಳಿಗೂ ಒಂದೊಂದು ಅಂಕಿ ಬರೆದು, ಆಮೇಲೆ 16384ನೇ ಮನೆಯಿಂದ ಮೇಲಕ್ಕೆ ಓದುತ್ತಾ ಹೋಗುತ್ತದೆ. ಬರೆದದ್ದು ಎಲ್ಲಿ ಸಿಗಲಿಲ್ಲವೋ ಅಲ್ಲಿಗೆ ಮೆಮೊರಿ ಮುಗಿಯಿತು ಅಂತ ತಿಳಿದು, ಸರಿಯಿದ್ದ ಕೊನೆಯ ಮನೆಯ ನಂಬರ್ ಬರೆದಿಡುತ್ತದೆ. ನಿಮ್ಮ ‘ಪ್ರಿಂಟ್ ಪೀಕ್’ ತೋರಿಸುವುದು ಅದನ್ನೇ. 32767 ಬಂತು ಅಂದರೆ ಕೆಳಗಿನ 16ಕೆ ಪೂರ್ತಿ ಸರಿಯಿದೆ, ಮೇಲಿನ 32ಕೆಯ ಮೊದಲ ಮನೆಯಲ್ಲೇ ಎಡವಿದೆ. ಅಂದರೆ ನಿಮ್ಮ ಕೈಯಿಂದ ಮಶಿನ್ ಏನೂ ಕೆಟ್ಟಿಲ್ಲ. ಅಷ್ಟು ಸಮಾಧಾನ ಇಟ್ಟುಕೊಳ್ಳಿ.

ಈಗ ‘ಪೋಕ್ 32768,255’ ಕೊಟ್ಟು ಆ ಮೊದಲ ಮನೆಗೆ 255 ಬರೆಯಿರಿ, ‘ಪ್ರಿಂಟ್ ಪೀಕ್ 32768’ ಅಂತ ಕೇಳಿ ಅದನ್ನು ಓದಿ. 255 ಬರಬೇಕು. ಆಮೇಲೆ 255ರ ಜಾಗದಲ್ಲಿ 0 ಹಾಕಿ ನೋಡಿ, 0 ಬರಬೇಕು. ಉದಾಹರಣೆಗೆ, 0 ಹಾಕಿದಾಗ 4 ಬಂತು ಅನ್ನಿ. ನಾಲ್ಕು ಹೆಚ್ಚು. ಎಂಟು ಚಿಪ್ಪುಗಳಲ್ಲಿ ಒಂದೊಂದೂ ಒಂದೊಂದು ಬಿಟ್, ಅಂದರೆ ಆ ಅಂಕಿಯ ಒಂದು ಪಾಲು, ಹೊರುತ್ತದೆ: ಐಸಿ15 (ಬೋರ್ಡಿನ ಮೇಲೆ ಬರೆದಿರುವ ಹೆಸರು) ಒಂದನ್ನು, ಐಸಿ16 ಎರಡನ್ನು, ಐಸಿ17 ನಾಲ್ಕನ್ನು, ಹೀಗೆ ದುಪ್ಪಟ್ಟಾಗುತ್ತಾ ಐಸಿ22 ಅಂದರೆ 128. ನಾಲ್ಕು ತಪ್ಪಿದೆ ಅಂದರೆ ಐಸಿ17 ನೋಡಿ. ಉಳಿದ ಏಳನ್ನು ಮುಟ್ಟುವುದೇ ಬೇಡ.

ಆ ಒಂದು ಚಿಪ್ಪು ಕೆಟ್ಟೇ ಇರಬೇಕು ಅಂತಿಲ್ಲ. ಹೊಸ ಚಿಪ್ಪಿನ ಕಾಲುಗಳು ಸ್ವಲ್ಪ ಅಗಲಕ್ಕೆ ಚಾಚಿಕೊಂಡಿರುತ್ತವೆ. ಹಾಗೇ ಒತ್ತಿದರೆ ಒಂದು ಕಾಲು ಸಾಕೆಟ್ಟಿನೊಳಗೆ ಇಳಿಯದೆ ಹೊಟ್ಟೆಯ ಕೆಳಗೆ ಮಡಚಿಕೊಳ್ಳುತ್ತದೆ. ಮೇಲಿಂದ ನೋಡಿದರೆ ಎಲ್ಲಾ ಸರಿಯಾಗಿ ಕೂತ ಹಾಗೇ ಕಾಣುತ್ತದೆ. ಹುಬ್ಬಳ್ಳಿಯಲ್ಲಿ ನನ್ನ ಮೇಜಿನ ಮೇಲೇ ಇಂಥದೊಂದು ಕಾಲು ನನ್ನ ಎರಡು ದಿನ ತಿಂದಿದೆ. ಬ್ಯಾಟರಿ ಬೆಳಕನ್ನು ಪಕ್ಕದಿಂದ ಬಿಟ್ಟು, ಭೂತಗನ್ನಡಿ ಹಿಡಿದು ಹದಿನಾರೂ ಕಾಲು ಎಣಿಸಿ. ಮಡಚಿದ್ದರೆ ತೆಗೆದು, ಮೆಲ್ಲಗೆ ನೆಟ್ಟಗೆ ಮಾಡಿ. ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯಬಹುದು.

ಏನು ಹಾಕಿದರೂ ಒಂದೇ ಉತ್ತರ ಬಂದರೆ ಮೆಮೊರಿ ಚಿಪ್ಪನ್ನು ಅನುಮಾನಿಸಬೇಡಿ. ಎಂಟೂ ಒಟ್ಟಿಗೆ ಕೆಡುವುದು ತೀರಾ ಅಪರೂಪ. ಲಾಜಿಕ್ ಚಿಪ್ಪು ನೋಡಿ. ಐಸಿ23 ಅಂದರೆ 74ಎಲ್‌ಎಸ್32, ಐಸಿ24 ಅಂದರೆ 74ಎಲ್‌ಎಸ್00. ಎರಡಕ್ಕೂ ಹದಿನಾಲ್ಕೇ ಕಾಲು. ಅದರದು ಇದಕ್ಕೆ, ಇದರದು ಅದಕ್ಕೆ ಆರಾಮಾಗಿ ಕೂರುತ್ತದೆ! ಅದಲುಬದಲಾದರೆ ಮೇಲಿನ 32ಕೆಗೆ ಕರೆಯೇ ಹೋಗುವುದಿಲ್ಲ. ಐಸಿ25, ಐಸಿ26 ಎರಡೂ 74ಎಲ್‌ಎಸ್157. ಎಲ್ಲ ಚಿಪ್ಪುಗಳ ತುದಿಯ ಕಚ್ಚೂ ಬೋರ್ಡಿನ ಗುರುತಿನ ಕಡೆಗೇ ಇರಬೇಕು.

ಉತ್ತರ ಒಮ್ಮೆ ಸರಿ, ಒಮ್ಮೆ ತಪ್ಪು ಬರ್ತಾ ಇದ್ದರೆ ಬೋರ್ಡಿನ ಮೇಲಿನ ತಂತಿ ಲಿಂಕ್ ನೋಡಿ. ಆ ಕಾಲದಲ್ಲಿ ಅರ್ಧ ಮಾತ್ರ ನಡೆಯುವ 64ಕೆ (ಚಿಪ್ಪಿನ ಲೆಕ್ಕದಲ್ಲಿ ಕಿಲೋಬಿಟ್) ಚಿಪ್ಪುಗಳನ್ನು ಅಗ್ಗಕ್ಕೆ ಕೊಂಡು ಇಲ್ಲಿ ಬಳಸುತ್ತಿದ್ದರು. ಯಾವ ಅರ್ಧ ಸರಿಯಿದೆ ಅಂತ ಲಿಂಕ್ ಹೇಳುತ್ತಿತ್ತು. ನಿಮ್ಮ 4164 ಪೂರ್ತಿ 64ಕೆ, ಯಾವ ಅರ್ಧ ಆದರೂ ನಡೆಯುತ್ತದೆ. ಆದರೆ ಲಿಂಕೇ ಇಲ್ಲದಿದ್ದರೆ ಒಂದು ವಿಳಾಸದ ಗೆರೆ ಗಾಳಿಯಲ್ಲಿ ತೂಗಾಡುತ್ತದೆ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಪರೀಕ್ಷೆಗೆ ಅಂತ 4164 ಚಿಪ್ಪನ್ನು ಕೆಳಗಿನ 16ಕೆಯ 4116 ಚಿಪ್ಪಿನ ಜಾಗಕ್ಕೆ ಹಾಕಬೇಡಿ. 4116ರ ಎಂಟನೇ ಕಾಲಿಗೆ 12 ವೋಲ್ಟ್ ಬರುತ್ತದೆ. 4164ಕ್ಕೆ ಅದೇ ಕಾಲಿಗೆ 5 ವೋಲ್ಟ್ ಬೇಕು. ಸ್ವಿಚ್ ಹಾಕಿದ ಗಳಿಗೆಯಲ್ಲೇ ಚಿಪ್ಪು ಹೋಗುತ್ತದೆ. ಅಡಾಪ್ಟರ್ ಬದಲಿಸಿದ್ದರೂ ಒಮ್ಮೆ ಮೀಟರ್ ಹಿಡಿಯಿರಿ. ಸ್ಪೆಕ್ಟ್ರಮ್‌ಗೆ 9 ವೋಲ್ಟ್ ಬೇಕು, ಆದರೆ ಪ್ಲಗ್ಗಿನ ನಡುವೆ ಮೈನಸ್. ಪೇಟೆಯಲ್ಲಿ ಸಿಗುವ ಬಹಳಷ್ಟು ಅಡಾಪ್ಟರ್‌ಗಳಲ್ಲಿ ನಡುವೆ ಪ್ಲಸ್ ಇರುತ್ತದೆ.

ಚಿಪ್ಪು ತೆಗೆಯುವ, ಹಾಕುವ ಮುಂಚೆ ಪ್ಲಗ್ ಕಿತ್ತಿಡಿ. ನಿಮ್ಮ ಕಡೆ ಹವೆ ಒಣಗಿರುತ್ತದಲ್ವಾ, ನೈಲಾನ್ ಅಂಗಿ ಹಾಕಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಈ ಕೆಲಸ ಬೇಡ. ಮೊದಲು ಕಬ್ಬಿಣದ ನಲ್ಲಿ ಮುಟ್ಟಿ ಬನ್ನಿ.

65535, ಅಂದರೆ ಪೂರ್ತಿ 48ಕೆಯ ಕೊನೆಯ ಮನೆ, ಬಂದ ಮೇಲೆ ಕೇಸ್ ಮುಚ್ಚುವಾಗ ಅವಸರ ಮಾಡಬೇಡಿ. ಕೀಬೋರ್ಡಿನಿಂದ ಬರುವ ಎರಡು ತೆಳು ಪಟ್ಟಿಗಳು ಇಷ್ಟು ವರ್ಷಕ್ಕೆ ಒಣಗಿದ ಎಲೆಯ ಹಾಗಾಗಿರುತ್ತವೆ. ಮಡಚದೆ, ನೆಟ್ಟಗೆ ಒಳಗೆ ಜಾರಿಸಿ.