ನಿಮಗೆ ಎರಡು ತಿಂಗಳು, ಅಮ್ಮನಿಗೆ ಹನ್ನೊಂದು

ಪ್ರಶ್ನೆ: ನನಗೆ ಐವತ್ತಾರು ವರ್ಷ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಹುಳ ಸಾಕಿಕೊಂಡು ಬಂದಿದ್ದೇವೆ. ನಮ್ಮಮ್ಮನಿಗೆ ಎಂಬತ್ತೆರಡು, ಗೌರಿಬಿದನೂರು ಕಡೆ ತವರಿನಲ್ಲಿ ಅಣ್ಣನ ಜೊತೆ ಇದ್ದಾರೆ. ಮೊನ್ನೆ ಫೋನಿನಲ್ಲಿ "ನೀನು ಬಂದು ಎಷ್ಟು ದಿನ ಆಯ್ತಮ್ಮ?" ಅಂದರು. "ಎರಡು ತಿಂಗಳಾಗಿರಬೇಕಲ್ಲಮ್ಮ" ಅಂದೆ. ಆ ಕಡೆ ಮಾತೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು "ಹನ್ನೊಂದು ತಿಂಗಳು ಕಣೇ" ಅಂದರು. ಹುಳದ ಲೆಕ್ಕದ ಪುಸ್ತಕ ತೆಗೆದು ನೋಡಿದರೆ ನಿಜ! ಅವತ್ತಿನಿಂದ ಭಯ ಹತ್ತಿಕೊಂಡಿದೆ. ಮಗಳ ಮದುವೆ ನಿನ್ನೆ ಮೊನ್ನೆ ಮಾಡಿದ ಹಾಗಿದೆ, ಮೊಮ್ಮಗ ಆಗಲೇ ಎರಡನೇ ಕ್ಲಾಸು. ಚಿಕ್ಕವಳಿದ್ದಾಗ ಒಂದು ಬೇಸಿಗೆ ರಜ ಕಳೆಯುವುದೇ ಕಷ್ಟವಾಗಿತ್ತು. ಈಗ ಯಾಕೆ ವರ್ಷಗಳು ಹೀಗೆ ಓಡುತ್ತವೆ? ಮರೆವಿನ ಕಾಯಿಲೆ ಏನಾದರೂ ಶುರುವಾಗಿದೆಯೇ? ಹುಳದ ಒಂದು ಬೆಳೆ ಬಿಟ್ಟು ಅಮ್ಮನ ಹತ್ತಿರ ಇದ್ದು ಬರಬೇಕೆಂದು ಆಸೆ. ನಮ್ಮ ಯಜಮಾನರು "ಹಿಪ್ಪುನೇರಳೆ ಸೊಪ್ಪು ಕೈಗೆ ಬಂದಿದೆ, ಈಗ ಬಿಡೋದು ಹೇಗೆ? ಮುಂದಿನ ಬೆಳೆಗೆ ನೋಡೋಣ" ಅನ್ನುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ಏನು ಮಾಡಲಿ?
— ಹೆಸರು ಬೇಡ, ಶಿಡ್ಲಘಟ್ಟ ತಾಲ್ಲೂಕು

ಉತ್ತರ:

ಅಕ್ಕಾ, ಹೋಗಿ ಬನ್ನಿ. ಮುಂದಿನ ಬೆಳೆಗೆ ಅಂತ ಇಟ್ಟುಕೊಳ್ಳಬೇಡಿ, ಈ ಬೆಳೆಯನ್ನೇ ಬಿಟ್ಟು ಹೋಗಿ. ಯಾಕೆ ಅನ್ನುವುದಕ್ಕೆ ಮುಂಚೆ ನಿಮ್ಮ ಭಯದ ಮಾತು ಮುಗಿಸುತ್ತೇನೆ.

ಹುಳ ಯಾವತ್ತು ಬಂತು, ಯಾವತ್ತು ಜ್ವರಕ್ಕೆ (ಪೊರೆ ಕಳಚುವ ಮುಂಚಿನ ನಿದ್ದೆಗೆ) ಹೋಯಿತು, ಯಾವತ್ತು ಎದ್ದಿತು, ಇದನ್ನೆಲ್ಲ ತಪ್ಪಿಲ್ಲದೆ ಬರೆದಿಟ್ಟುಕೊಳ್ಳುವವರು ನೀವು. ಅನುಮಾನ ಬಂದ ತಕ್ಷಣ ಅದೇ ಪುಸ್ತಕ ತೆಗೆದು ತಾಳೆ ನೋಡಿದಿರಿ. ಮರೆವಿನ ಕಾಯಿಲೆಯ ನಡೆ ಸಾಮಾನ್ಯವಾಗಿ ಹೀಗಿರುವುದಿಲ್ಲ. ಅದರಲ್ಲಿ ಓಡಾಡಿದ ದಾರಿಯೇ ಗೊತ್ತಾಗದೆ ಹೋಗುತ್ತದೆ, ಈಗ ತಾನೇ ಕೇಳಿದ್ದನ್ನು ಮತ್ತೆ ಮತ್ತೆ ಕೇಳುವಂತಾಗುತ್ತದೆ, ದಿನಾ ಮಾಡುವ ಅಡುಗೆಯ ಹದವೇ ಕೈತಪ್ಪುತ್ತದೆ. ಅಂಥದ್ದು ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ವಾರಗಟ್ಟಲೆ ಕಳೆದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹನ್ನೊಂದು ತಿಂಗಳು ಎರಡು ತಿಂಗಳಂತೆ ಕಂಡದ್ದಕ್ಕೆ ಮಾತ್ರ ಹೆದರಬೇಕಾಗಿಲ್ಲ.

ಈ ಓಟ ಯಾಕೆ ಎಂದು ತಲೆ ಕೆಡಿಸಿಕೊಂಡವರು ಬಹಳ ಜನ. ಪೌಲ್ ಜಾನೆ ಎಂಬ ಫ್ರಾನ್ಸಿನ ತತ್ವಜ್ಞಾನಿ 1877ರಲ್ಲಿ ಒಂದು ಲೆಕ್ಕ ಹೇಳಿದರು. ಹತ್ತು ವರ್ಷದ ಮಗುವಿಗೆ ಒಂದು ವರ್ಷ ಎಂದರೆ ಅದು ಅಲ್ಲಿಯವರೆಗೆ ಬದುಕಿದ್ದರಲ್ಲಿ ಹತ್ತನೇ ಒಂದು ಪಾಲು. ಐವತ್ತರವರಿಗೆ ಅದೇ ಒಂದು ವರ್ಷ ಐವತ್ತನೇ ಒಂದು ಪಾಲು. ಪಾಲು ಸಣ್ಣದಾದ ಹಾಗೆ ವರ್ಷವೂ ಸಣ್ಣದಾಗಿ ಕಾಣುತ್ತದೆ ಎಂಬುದು ಅವರ ಮಾತು. ಕೇಳಲು ಸರಿಯಾಗಿದೆ, ಆದರೆ ನನಗೆ ಇದು ಸಾಲದು. ಅದೊಂದೇ ಕಾರಣವಾಗಿದ್ದರೆ ಎಂಬತ್ತೆರಡರ ನಿಮ್ಮ ಅಮ್ಮನಿಗೆ ಆ ಹನ್ನೊಂದು ತಿಂಗಳು ನಿಮಗಿಂತಲೂ ಸಣ್ಣದಾಗಿ ಕಾಣಬೇಕಿತ್ತು. ಅವರು ಒಂದೊಂದು ತಿಂಗಳನ್ನೂ ಎಣಿಸಿ ಇಟ್ಟುಕೊಂಡಿದ್ದರು.

ಇದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿದ್ದು ಮಾರ್ಕ್ ವಿಟ್‌ಮನ್ ಮತ್ತು ಸಾಂಡ್ರಾ ಲೆನ್‌ಹಾಫ್ ಎಂಬ ಸಂಶೋಧಕರ ಕೆಲಸದಲ್ಲಿ. ಅವರು 14ರಿಂದ 94 ವರ್ಷದವರೆಗಿನ 499 ಜನರನ್ನು ವಿಚಾರಿಸಿ 2005ರಲ್ಲಿ ಪ್ರಕಟಿಸಿದರು. ಹೋದ ವಾರ, ಹೋದ ತಿಂಗಳು ಎಷ್ಟು ಬೇಗ ಕಳೆಯಿತು ಎಂದು ಕೇಳಿದಾಗ ಚಿಕ್ಕವರ ಉತ್ತರಕ್ಕೂ ದೊಡ್ಡವರ ಉತ್ತರಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹೋದ ಹತ್ತು ವರ್ಷ ಹೇಗೆ ಕಳೆಯಿತು ಎಂದಾಗ ಮಾತ್ರ ವಯಸ್ಸಾದವರು ಓಡಿಹೋಯಿತು ಎಂದರು. ನಿಮ್ಮ ಅನುಭವಕ್ಕೇ ಹೋಲಿಸಿ ನೋಡಿ. ಹುಳ ನಾಲ್ಕನೇ ಜ್ವರ ಕಳೆದು ಎದ್ದ ಮೇಲಿನ ಏಳೆಂಟು ದಿನ ನಿಮಗೆ ಬೇಗ ಕಳೆಯುತ್ತದೆಯೇ? ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಖರ್ಚಾಗುವುದು ಆ ಏಳೆಂಟು ದಿನದಲ್ಲೇ. ನಡುರಾತ್ರಿ ಎದ್ದು ಸೊಪ್ಪು ಹಾಕಿ, ಬೆಳಗಿನ ಜಾವ ಮತ್ತೆ ಕೊಯ್ದು ತಂದು, ಸೊಂಟ ಹಿಡಿದುಕೊಂಡು "ಯಾವಾಗ ಹಣ್ಣಾಗಿ ಗೂಡು ಕಟ್ಟುತ್ತವಪ್ಪಾ" ಅನ್ನುವ ದಿನಗಳು ಅವು. ದಿನಗಳು ಅಷ್ಟು ಉದ್ದ ಇರುತ್ತವೆ, ತಿರುಗಿ ನೋಡಿದಾಗ ವರ್ಷವೇ ಇರುವುದಿಲ್ಲ.

ಕಳೆದ ಕಾಲವನ್ನು ಮನಸ್ಸು ಅಳೆಯುವುದು ಗಡಿಯಾರದಿಂದಲ್ಲ, ಬೇರೆ ಬೇರೆಯಾಗಿ ನೆನಪಿರುವ ಸಂಗತಿಗಳಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ಬರೆದಿದ್ದಾರೆ: ಎಳೆಯ ವಯಸ್ಸಿನಲ್ಲಿ ಹೊಸದು ಕಾಣುತ್ತಲೇ ಇರುತ್ತದೆ, ಬರಬರುತ್ತ ಬದುಕು ರೂಢಿಗೆ ಬೀಳುತ್ತದೆ, ರೂಢಿಯ ದಿನಗಳು ನೆನಪಿನಲ್ಲಿ ಒಂದರೊಳಗೊಂದು ಕರಗಿಹೋಗುತ್ತವೆ. ನಾನು ಮೊದಲ ಸಲ ಹುಳದ ಮನೆಯೊಳಗೆ ಕಾಲಿಟ್ಟದ್ದು ಎಂಟನೇ ವಯಸ್ಸಿನಲ್ಲಿ, ಸೋದರತ್ತೆಯ ಊರಿನಲ್ಲಿ. ರಾತ್ರಿ ಕರೆಂಟಿರಲಿಲ್ಲ. ಅತ್ತೆ ಲಾಟೀನು ಹಿಡಿದು ಬಾಗಿಲು ತೆಗೆದಾಗ ಒಳಗೆ ಮಳೆ ಹನಿಯುತ್ತಿದ್ದ ಸದ್ದು. ಸೂರು ಸೋರುತ್ತಿದೆ ಎಂದುಕೊಂಡೆ. ಹುಳುಗಳು ಸೊಪ್ಪು ತಿನ್ನುವ ಸದ್ದು ಎಂದು ಅತ್ತೆ ಹೇಳಿ, ಒಂದು ಹುಳ ತೆಗೆದು ನನ್ನ ಅಂಗೈ ಮೇಲೆ ಬಿಟ್ಟರು. ಅದರ ತಂಪು ನನಗೆ ಈಗಲೂ ಗೊತ್ತು. ಆಮೇಲೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಹುಳದ ಮನೆಗಳಿಗೆ ಹೋಗಿ ಬಂದಿದ್ದೇನೆ, ಒಂದೂ ಆ ರಾತ್ರಿಯ ಹಾಗೆ ನೆನಪಿಲ್ಲ. ನಿಮಗೂ ಗಂಡನ ಮನೆಗೆ ಬಂದ ಹೊಸತರಲ್ಲಿ ಸಾಕಿದ ಮೊದಲ ಬೆಳೆ ನೆನಪಿರುತ್ತದೆ. ಹೋದ ವರ್ಷದ ಮೂರನೇ ಬೆಳೆ ಯಾವುದು ಎಂದರೆ ಪುಸ್ತಕ ನೋಡಬೇಕು.

ಇನ್ನೊಂದು ಮಾತು ನಮ್ಮ ಸೀಮೆಗೇ ಸೇರಿದ್ದು, ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ. ನಿಮ್ಮ ಅಮ್ಮನ ಕಾಲದ ರಾಗಿ ಬೇಸಾಯದಲ್ಲಿ ವರ್ಷಕ್ಕೆ ಹಲವು ಮುಖಗಳಿದ್ದವು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಮುಗಿಲು ನೋಡುವುದು, ಉಳುಮೆ, ಬಿತ್ತನೆ, ಕುಂಟೆ, ಕಳೆ, ಅವರೆ ಸೊಗಡಿನ ಚಳಿ, ಕೊಯ್ಲು, ಕಣ, ಬಣವೆ. ಒಂದು ತಿಂಗಳು ಇನ್ನೊಂದು ತಿಂಗಳ ಹಾಗಿರಲಿಲ್ಲ. ಈಗ ಸಾವಿರ ಅಡಿ ಮೀರಿ ಕೊರೆದ ಬೋರಿನ ನೀರು, ಅದರ ಮೇಲೆ ಹಿಪ್ಪುನೇರಳೆ, ವರ್ಷಕ್ಕೆ ಐದಾರು ಬೆಳೆ. ಆಷಾಢವಾದರೂ ಮಾಘವಾದರೂ ಒಳಗೆ ಅದೇ ಚಾಕಿ ಹುಳ ಅಂದರೆ ಎಳೆ ಹುಳ, ಅದೇ ಜ್ವರ, ಗೂಡು ಕಟ್ಟಲು ಹುಳ ಬಿಡುವ ಅದೇ ಚಂದ್ರಿಕೆ, ಗೂಡು ಬಿಡಿಸಿ ಮಾರುಕಟ್ಟೆಗೆ ಕಳಿಸಿ ಮನೆ ತೊಳೆಯುವಷ್ಟರಲ್ಲಿ ಮುಂದಿನ ಚಾಕಿ. ಆ ಬೋರು, ಆ ಗೂಡು ಇಲ್ಲದಿದ್ದರೆ ನಿಮ್ಮ ಮಗಳ ಓದು, ಮದುವೆ ಆಗುತ್ತಿರಲಿಲ್ಲ, ಅದನ್ನು ನಾನು ಬಲ್ಲೆ. ಆದರೆ ಒಂದೇ ಅಚ್ಚಿನ ಆರು ಬೆಳೆಗಳಿಗೆ ಮನಸ್ಸು ಆರು ಪುಟ ಬರೆದಿಡುವುದಿಲ್ಲ. ನಿಮ್ಮ ಹನ್ನೊಂದು ತಿಂಗಳು ಎರಡಾಗಿದ್ದು ಹೀಗೆ.

ಅಮ್ಮನ ಕಡೆ ನೋಡಿ. ಅವರಿಗೂ ದಿನಗಳು ಒಂದೇ ತರಹ, ಆದರೆ ಅವರು ಕಾಯುತ್ತಿದ್ದರು. ಬಸ್ಸಿಗೆ ಕಾಯುವವರಿಗೆ ಹತ್ತು ನಿಮಿಷ ಎಷ್ಟು ದೊಡ್ಡದು! ಕಾಯುವವರ ಗಮನವೆಲ್ಲ ಕಾಲದ ಮೇಲೇ ಇರುತ್ತದೆ, ಅದಕ್ಕೇ ಅದು ಹಿಗ್ಗುತ್ತದೆ. ಒಂದೇ ಹನ್ನೊಂದು ತಿಂಗಳನ್ನು ನೀವಿಬ್ಬರೂ ಬೇರೆ ಬೇರೆ ಕಡೆ ಕೂತು ಕಳೆದಿದ್ದೀರಿ. ಇದರಲ್ಲಿ ನಿಮ್ಮ ತಪ್ಪು ಹುಡುಕಬೇಡಿ. ಆದರೆ "ಮುಂದಿನ ಬೆಳೆಗೆ ನೋಡೋಣ" ಎಂಬ ಮಾತು ನಿಮ್ಮ ಮನೆಯಲ್ಲಿ ಎಷ್ಟು ದೂರ, ಅಮ್ಮನ ಮನೆಯಲ್ಲಿ ಎಷ್ಟು ದೂರ ಎನ್ನುವುದನ್ನು ನೋಡಿಯೇ ನಾನು ಈ ಬೆಳೆ ಎಂದಿದ್ದು.

ಯಜಮಾನರ ಹತ್ತಿರ ಜಗಳಕ್ಕೆ ನಿಲ್ಲಬೇಡಿ. ಅವರ ಕಣ್ಣ ಮುಂದೆ ಇರುವುದು ಕೈಗೆ ಬಂದ ಸೊಪ್ಪು. ಸೊಪ್ಪು ಸಾಲದೆ ಹುಡುಕಿಕೊಂಡು ಬರುವವರು ನಿಮ್ಮ ಸುತ್ತಮುತ್ತ ಇದ್ದೇ ಇರುತ್ತಾರೆ, ತೋಟದ ಮೇಲೇ ಮಾರಿಬಿಡಿ. ಗೂಡಿನಷ್ಟು ಬರುವುದಿಲ್ಲ, ಪೂರ್ತಿ ನಷ್ಟವೂ ಆಗುವುದಿಲ್ಲ. ಬೆಳೆಯ ಮೇಲೆ ಬೆಳೆ ಇಳಿಸುವ ಮನೆಯಲ್ಲಿ ಸಪ್ಪೆ ರೋಗ, ಸುಣ್ಣಕಟ್ಟು ರೋಗ ಉಳಿದುಕೊಳ್ಳುವುದು ಅವರಿಗೂ ಗೊತ್ತು. ಒಂದು ಬೆಳೆ ಬಿಡುವು ಸಿಕ್ಕರೆ ತೊಳೆದು, ಔಷಧಿ ಹೊಡೆದು, ಸುಣ್ಣ ಬಳಿದು ಚೆನ್ನಾಗಿ ಒಣಗಿಸಬಹುದು. ಈ ಲೆಕ್ಕವನ್ನು ಅವರ ಮುಂದಿಡಿ. ಆಮೇಲೆ ಫೋನಿನಲ್ಲಿ ಅಮ್ಮ ಸುಮ್ಮನಾಗಿದ್ದನ್ನೂ ಹೇಳಿ, ನನಗೆ ಬರೆದ ಹಾಗೆಯೇ. ಅದನ್ನು ನೀವು ಅವರಿಗೆ ಇನ್ನೂ ಹೇಳಿಲ್ಲವೇನೋ ಎಂದು ನನಗನ್ನಿಸಿತು.

ಅಲ್ಲಿಗೆ ಹೋಗಿ ಅತ್ತಿಗೆಯ ಅಡುಗೆಮನೆ, ಬಟ್ಟೆ, ಪಾತ್ರೆ ಎಂದು ಸೊಂಟ ಕಟ್ಟಿ ನಿಂತರೆ ಅಲ್ಲಿರುವ ದಿನಗಳೂ ಹೀಗೇ ಕರಗಿಹೋಗುತ್ತವೆ. ಕೆಲಸ ಮಾಡಿ, ಅದರ ಜೊತೆಗೆ ಮುಂಚೆ ಮಾಡದ್ದನ್ನೂ ಅಮ್ಮನ ಜೊತೆ ಮಾಡಿ. ಅವರ ಕೈಲಾದರೆ ಒಂದು ಆಟೋ ಮಾಡಿಕೊಂಡು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿ, ನಾಗರಕಲ್ಲುಗಳ ಹತ್ತಿರ ನೆರಳಿನಲ್ಲಿ ಕೂರಿಸಿ. 1938ರ ಏಪ್ರಿಲ್ 25ರಂದು ಅಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ನಿಮ್ಮ ಅಮ್ಮ ಹುಟ್ಟುವುದಕ್ಕೆ ಮುಂಚಿನ ಮಾತು. ಮನೆಯ ಹಿರಿಯರು ಅದನ್ನು ಹೇಗೆ ಹೇಳುತ್ತಿದ್ದರು ಎಂದು ಕೇಳಿ. ಅವರ ಮದುವೆಯ ದಿನ ಏನು ಊಟ, ನೀವು ಹುಟ್ಟಿದ ವರ್ಷ ಮಳೆ ಹೇಗಿತ್ತು, ಯಾವ ಹೊಲ ಯಾವಾಗ ಮಾರಿದರು, ಕೇಳಿ. ಮಾತಾಡುವಾಗ ಅವರ ಕೈ ಹಿಡಿದುಕೊಂಡಿರಿ. ಮನುಷ್ಯರಿಗೆ ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪು ಬೇರೆಲ್ಲಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ ಎಂದು ನೆನಪಿನ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡಿವೆ. ಆ ವಯಸ್ಸಿನ ಮಾತಿಗೆ ಎಳೆದರೆ ಅಮ್ಮ ಒಂದೇ ಸಲಕ್ಕೆ ಮುಗಿಸುವುದಿಲ್ಲ.

ಲೆಕ್ಕದ ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ಹುಳದ ಲೆಕ್ಕ ಇಲ್ಲದ ಪುಟಗಳಲ್ಲಿ ದಿನಕ್ಕೊಂದು ಸಾಲು ಬರೆಯಿರಿ: ಅವತ್ತು ಅಮ್ಮ ಏನಂದರು, ಯಾರು ಬಂದು ಹೋದರು, ಮೊಸರು ಹುಳಿಯಾಗಿತ್ತೋ ಸಿಹಿಯಾಗಿತ್ತೋ. ವಾಪಸು ಬಂದ ಮೇಲೂ ಇದನ್ನು ಬಿಡಬೇಡಿ, ಜ್ವರದ ತಾರೀಖಿನ ಪಕ್ಕದಲ್ಲೇ ಬರೆಯಿರಿ.

ಇವತ್ತು ಸಂಜೆ ಅಮ್ಮನಿಗೆ ಫೋನ್ ಮಾಡಿ. "ಬೇಗ ಬರ್ತೀನಮ್ಮ" ಎಂದು ಮಾತ್ರ ಹೇಳಿ ಇಡಬೇಡಿ. ತಾರೀಖು ಹೇಳಿ, ಯಾವ ಬಸ್ಸು ಅಂತ ಹೇಳಿ, ಎಷ್ಟು ದಿನ ಇರುತ್ತೀರಿ ಎಂದೂ ಹೇಳಿ. ಅಣ್ಣನ ಕೈಯಲ್ಲಿ ಆ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಸುತ್ತು ಹಾಕಿಸಲಿ.