ಆರ್‌ಬ್ರೋತ್‌ನ ಆ ಹೊಗೆ ವಾಸನೆ ಯಾವುದು?

ನಮಸ್ಕಾರ. ಸ್ಕಾಟ್ಲೆಂಡಿನ ಆರ್‌ಬ್ರೋತ್ ಬಂದರಿನ ಹತ್ತಿರ ಮೂಗಿಗೆ ಬಡಿಯುತ್ತಿದ್ದ ಹೊಗೆ ವಾಸನೆ ಯಾವುದು ಅಂತ ಕೇಳಿದ್ದೀರಿ ಅಲ್ವಾ? ಅದು ಸ್ಮೋಕಿ ಅನ್ನೋ ಹೊಗೆಯಲ್ಲಿ ಬೇಯಿಸಿದ ಮೀನಿನದು. ಹ್ಯಾಡಕ್ ಮೀನಿಗೆ ಉಪ್ಪು ಹಾಕಿಟ್ಟು, ಎರಡೆರಡರ ಬಾಲ ಸೇರಿಸಿ ಕಟ್ಟಿ, ಕೋಲಿಗೆ ನೇತುಹಾಕಿ, ಗಟ್ಟಿ ಮರದ ಬೆಂಕಿಯ ಮೇಲೆ ಒದ್ದೆ ಗೋಣಿ ಮುಚ್ಚಿ ಬೇಯಿಸುತ್ತಾರೆ. ಇದು ಶುರುವಾಗಿದ್ದು ಪಕ್ಕದ ಆಕ್ಮಿಥಿ ಹಳ್ಳಿಯಲ್ಲಿ. 2004ರಲ್ಲಿ ಈ ಹೆಸರಿಗೆ ಯುರೋಪಿನ ಭೌಗೋಳಿಕ ರಕ್ಷಣೆಯೂ ಸಿಕ್ಕಿತು. ಬಿಸಿ ಇರುವಾಗಲೇ, ಕಾಗದದಲ್ಲಿಟ್ಟು ಕೈಯಲ್ಲೇ ಬಿಡಿಸಿ ತಿನ್ನಬೇಕು, ಆ ರುಚಿ ನನಗಿನ್ನೂ ಮರೆತಿಲ್ಲ.

ಬೇಸಿಗೆಯಲ್ಲೂ ಕಡಲಿಂದ ಮಂಜು ನುಗ್ಗುತ್ತಿತ್ತು, ನೆನಪಿದೆಯಾ? ಅಲ್ಲಿಯವರು ಅದನ್ನು ‘ಹಾರ್’ ಅಂತಾರೆ. ಮಂಜಿಲ್ಲದ ರಾತ್ರಿ ದೂರದಲ್ಲಿ 1811ರಿಂದ ಉರಿಯುತ್ತಿರುವ ಬೆಲ್ ರಾಕ್ ದೀಪಸ್ತಂಭದ ಬೆಳಕು ಮಿನುಗುತ್ತಿತ್ತು. ನೀವು ಯಾವ ಬೀದಿಯಲ್ಲಿದ್ರಿ?