ಹರ್ಷಿಯ ಕರಡಿಗಳು ಮೇಲಿನ ಲೀಗ್‌ಗೆ ಯಾಕೆ ಹೋಗಲಿಲ್ಲ?

ಭದ್ರಾವತಿಯ ಹಳೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಾರ್ಖಾನೆ ಕೆಲಸದಿಂದ ನಿವೃತ್ತರಾದವರು. ಕಳೆದ ವರ್ಷ, ಅಂದರೆ 2025ರ ಜನವರಿ ಮೊದಲ ವಾರ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಗಳ ಮನೆಯಲ್ಲಿದ್ದರಂತೆ. ಅಳಿಯ ಹರ್ಷಿ ಎಂಬ ಊರಿಗೆ ಐಸ್ ಹಾಕಿ ಪಂದ್ಯ ತೋರಿಸಲು ಕರೆದುಕೊಂಡು ಹೋದರಂತೆ. ಪತ್ರದಲ್ಲಿ ಹೀಗಿದೆ:

“ಊರಿನ ತಂಡ ಮೊದಲ ಗೋಲು ಹೊಡೆದದ್ದೇ ತಡ, ನಾಲ್ಕೂ ಕಡೆಯಿಂದ ಬೊಂಬೆ ಕರಡಿಗಳು ಮಳೆಯ ಹಾಗೆ ಸುರಿದವು. ನನ್ನ ಮೊಮ್ಮಗಳೂ ಒಂದು ಎಸೆದಳು. ಅರ್ಧ ಗಂಟೆಗೂ ಜಾಸ್ತಿ ಆಟ ನಿಂತಿತು. ಆಮೇಲೆ ಅಳಿಯ ಹೇಳಿದ್ದು ಕೇಳಿ ಆಶ್ಚರ್ಯವಾಯಿತು. ಇದು ಎರಡನೇ ದರ್ಜೆಯ ಲೀಗ್ ಅಂತೆ. ತಂಡ ಸುಮಾರು 90 ವರ್ಷ ಹಳೆಯದಂತೆ. ಅಷ್ಟು ವರ್ಷ ಆಡಿಯೂ ಮೇಲಿನ ಲೀಗ್‌ಗೆ ಯಾಕೆ ಹೋಗಲಿಲ್ಲ? ಅದು ಸೋಲಲ್ವಾ? ಹಾಗಿದ್ದರೂ ಅಷ್ಟು ಜನ ಯಾಕೆ ಸೇರುತ್ತಾರೆ?”

ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು ಸರ್. ನನಗೆ ಈ ಹರ್ಷಿ ಬೇರ್ಸ್, ಅಂದರೆ ಹರ್ಷಿ ಕರಡಿಗಳು ಎಂಬ ತಂಡದ ಮೇಲೆ ಬಹಳ ವರ್ಷದ ಪ್ರೀತಿ. ನಾಲ್ಕು ಪುಟ ಬರೆದವರಿಗೆ ನಾಲ್ಕು ಸಾಲಿನ ಉತ್ತರ ಸಾಲದು. ಅದಕ್ಕೇ ಇಡೀ ಕಥೆ ಹೇಳುತ್ತೇನೆ.

ಮೊದಲು ಒಂದು ಮಾತು. ನಾವು ನೋಡುವ ಯುರೋಪಿನ ಫುಟ್‌ಬಾಲ್ ಲೀಗ್‌ಗಳಲ್ಲಿ ಗೆದ್ದ ತಂಡ ಮೇಲಕ್ಕೆ ಹೋಗುತ್ತದೆ, ಸೋತದ್ದು ಕೆಳಕ್ಕೆ ಇಳಿಯುತ್ತದೆ. ಅಮೆರಿಕದ ಹಾಕಿಯಲ್ಲಿ ಆ ಏಣಿ ಇಲ್ಲ. ಮೇಲಿನದು ನ್ಯಾಷನಲ್ ಹಾಕಿ ಲೀಗ್, ಅದರ ಕೆಳಗಿನದು ಅಮೆರಿಕನ್ ಹಾಕಿ ಲೀಗ್. ಕೆಳಗಿನ ಲೀಗ್‌ನಲ್ಲಿ ಈಗ 32 ತಂಡಗಳಿವೆ. ಒಂದೊಂದೂ ಮೇಲಿನ ಒಂದೊಂದು ತಂಡದ ಜೊತೆ ಜೋಡಿ. ಹುಡುಗರು ಇಲ್ಲಿ ಪಳಗಿ ಅಲ್ಲಿಗೆ ಹೋಗುತ್ತಾರೆ. ಮೇಲಿನ ಲೀಗ್‌ನಲ್ಲಿ ಆಡುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಇಲ್ಲಿಂದಲೇ ಹೋದವರು. ಹಾಗಾಗಿ ಮೇಲಕ್ಕೆ ಹೋಗುವುದು ಆಟಗಾರ. ತಂಡ ಊರಿನಲ್ಲೇ ಇರುತ್ತದೆ.

ಹಾಗೆ ಊರಿನಲ್ಲೇ ಉಳಿಯುವುದರಲ್ಲಿ ಹರ್ಷಿ ಬೇರ್ಸ್ ತಂಡದಷ್ಟು ಗಟ್ಟಿಯಾದದ್ದು ಆ ಲೀಗ್‌ನಲ್ಲಿ ಇನ್ನೊಂದಿಲ್ಲ. 1938ರಲ್ಲಿ ಇವರು ಸೇರಿದಾಗ ಲೀಗ್‌ನಲ್ಲಿ ಇನ್ನೂ ಏಳು ತಂಡಗಳಿದ್ದವು. ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್, ಫಿಲಡೆಲ್ಫಿಯಾದಂಥ ದೊಡ್ಡ ನಗರಗಳ ತಂಡಗಳು. ಆ ಏಳರಲ್ಲಿ ಒಂದೂ ಇವತ್ತು ಅದೇ ಊರಿನಲ್ಲಿ ಅದೇ ಹೆಸರಿನಲ್ಲಿ ಉಳಿದಿಲ್ಲ. ಸುಮಾರು 14 ಸಾವಿರ ಜನರಿರುವ ಹರ್ಷಿ ಮಾತ್ರ ಉಳಿದುಕೊಂಡಿದೆ. ಕಾನೂನಿನ ಲೆಕ್ಕದಲ್ಲಿ ಅದು ಪುರಸಭೆಯೂ ಅಲ್ಲ, ಡೆರಿ ಎಂಬ ಟೌನ್‌ಶಿಪ್‌ನ ಒಂದು ಭಾಗ ಅಷ್ಟೆ.

ಕಾರ್ಖಾನೆ ಊರಿನವರಾದ ನಿಮಗೆ ಮುಂದಿನದು ಚೆನ್ನಾಗಿ ಅರ್ಥವಾಗುತ್ತದೆ. ಮಿಲ್ಟನ್ ಹರ್ಷಿ ಎಂಬ ಮಿಠಾಯಿ ವ್ಯಾಪಾರಿ 1905ರಲ್ಲಿ ಹೊಲಗಳ ನಡುವೆ ಚಾಕೊಲೇಟ್ ಕಾರ್ಖಾನೆ ತೆರೆದ. ಸುತ್ತ ಹಾಲು ಕೊಡುವ ಡೈರಿಗಳಿದ್ದವು, ಅದೇ ಅವನಿಗೆ ಬೇಕಾಗಿತ್ತು. ಕೆಲಸಗಾರರಿಗೆ ಮನೆ ಕಟ್ಟಿಸಿದ. ಪಾರ್ಕ್ ಮಾಡಿಸಿದ, ಟ್ರಾಮ್ ಓಡಿಸಿದ. ಮುಖ್ಯ ರಸ್ತೆಗೆ ಚಾಕೊಲೇಟ್ ಅವೆನ್ಯೂ, ಅಡ್ಡ ರಸ್ತೆಗೆ ಕೋಕೋ ಅವೆನ್ಯೂ ಎಂದು ಹೆಸರಾಯಿತು. ಬೀದಿದೀಪಗಳು ಅವನ ಕಂಪನಿಯ ಕಿಸಸ್ ಚಾಕೊಲೇಟ್ ಆಕಾರದಲ್ಲಿರುವುದನ್ನು ನೀವೂ ನೋಡಿರುತ್ತೀರಿ. ಕೆಲವು ಕಂದು ಬಣ್ಣದವು, ಕೆಲವು ಬೆಳ್ಳಿ ಕಾಗದ ಸುತ್ತಿದ ಹಾಗೆ.

ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. 1909ರಲ್ಲಿ ಅನಾಥ ಹುಡುಗರಿಗಾಗಿ ಒಂದು ವಸತಿ ಶಾಲೆ ಶುರುಮಾಡಿದರು. ಹೆಂಡತಿ ತೀರಿಕೊಂಡ ಕೆಲವು ವರ್ಷಕ್ಕೆ ಅವನು ತನ್ನ ಆಸ್ತಿಯ ಬಹುಭಾಗವನ್ನು ಆ ಶಾಲೆಯ ಟ್ರಸ್ಟ್‌ಗೆ ಬರೆದುಕೊಟ್ಟ. ಒಂದು ಮಾತು ಮುಚ್ಚಿಡಬಾರದು. ದಶಕಗಳ ಕಾಲ ಆ ಶಾಲೆ ಬಿಳಿಯರ ಗಂಡುಮಕ್ಕಳಿಗೆ ಮಾತ್ರ ಎಂದಿತ್ತು. 1960ರ ದಶಕದ ಕೊನೆಯಲ್ಲಿ ಕರಿಯ ಹುಡುಗರಿಗೆ, 70ರ ದಶಕದಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಇವತ್ತು ಬಡ ಕುಟುಂಬಗಳ ಸುಮಾರು 2,000 ಮಕ್ಕಳು ಅಲ್ಲಿ ಓದುತ್ತಾರೆ. ಊಟ, ವಸತಿ, ಪಾಠ ಎಲ್ಲ ಉಚಿತ.

ಶಾಲೆಯ ಮಾತು ಇಲ್ಲಿ ಯಾಕೆ ಅಂತೀರಾ? ನಿಮ್ಮ ಅಳಿಯ ಟಿಕೆಟ್ ಕೊಂಡರಲ್ಲ, ಆ ತಂಡದ ಒಡೆತನ ಹರ್ಷಿಯ ಮನರಂಜನಾ ಕಂಪನಿಯದು. ಆ ಕಂಪನಿ ಪೂರ್ತಿಯಾಗಿ ಶಾಲೆಯ ಟ್ರಸ್ಟ್‌ಗೆ ಸೇರಿದ್ದು. ಯಾವನೋ ಕೋಟ್ಯಧಿಪತಿ ಬೇಸರವಾದಾಗ ತಂಡವನ್ನು ಇನ್ನೊಂದು ನಗರಕ್ಕೆ ಮಾರುವ ಹಾಗಿಲ್ಲ. ಬೇರೆ ಊರುಗಳಲ್ಲಿ ಸಣ್ಣ ತಂಡಗಳು ಸತ್ತದ್ದು ಹೆಚ್ಚಾಗಿ ಹಾಗೆಯೇ. ಇಲ್ಲಿ ತಂಡ ಉಳಿಯಲು ದೊಡ್ಡ ಕಾರಣ ಇದೇ ಎಂದು ನನ್ನ ನಂಬಿಕೆ.

ತಂಡ ಹುಟ್ಟಿದ್ದು 1932ರಲ್ಲಿ. ಅಮೆರಿಕದಲ್ಲಿ ಆರ್ಥಿಕ ಕುಸಿತ ತಳ ಮುಟ್ಟಿದ್ದ ವರ್ಷ ಅದು. ಮೊದಲ ಹೆಸರು ಹರ್ಷಿ ಬಾರ್ಸ್. ಚಾಕೊಲೇಟ್ ಬಾರ್ ಎಂದೂ ಆಗಬೇಕು, ಕರಡಿ ಎಂದೂ ಕೇಳಬೇಕು, ಹಾಗೆ ಜೋಡಿಸಿದ ಹೆಸರು. ಆಟದ ತಂಡವೋ ಚಾಕೊಲೇಟ್ ಜಾಹೀರಾತೋ ಎಂದು ನ್ಯೂಯಾರ್ಕಿನ ಪತ್ರಕರ್ತರು ಕೆಣಕಿದರು. 1936ರಲ್ಲಿ ಹೆಸರು ಬೇರ್ಸ್ ಆಯಿತು. ಕರಡಿ ಉಳಿಯಿತು, ಬಾರ್ ಹೋಯಿತು. ಅಂಗಿಯ ಮೇಲಿನ ಚಾಕೊಲೇಟ್ ಬಣ್ಣ ಮಾತ್ರ ಇವತ್ತಿಗೂ ಇದೆ.

ಅದೇ ವರ್ಷ ಇನ್ನೊಂದು ದೊಡ್ಡ ಕೆಲಸವಾಯಿತು. ಜನರಿಗೆ ಕೆಲಸ ಸಿಗಲಿ ಎಂದೇ ಆ ವರ್ಷಗಳಲ್ಲಿ ಹರ್ಷಿ ಒಂದಾದ ಮೇಲೊಂದು ಕಟ್ಟಡ ಕಟ್ಟಿಸುತ್ತಿದ್ದ. ಈ ಬಗ್ಗೆ ಆ ಊರಿನಲ್ಲಿ ಇಂದಿಗೂ ಒಂದು ಕಥೆ ಹೇಳುತ್ತಾರೆ. ಅಗೆಯುವ ಯಂತ್ರ ತೋರಿಸಿ ಮೇಸ್ತ್ರಿ, ಇದೊಂದೇ 40 ಆಳಿನ ಕೆಲಸ ಮಾಡುತ್ತದೆ ಎಂದನಂತೆ. ಹಾಗಾದರೆ ಅದನ್ನು ಕಳಿಸಿ 40 ಆಳು ಕರೆಸು ಎಂದನಂತೆ ಹರ್ಷಿ. ಹೋಟೆಲ್, ಥಿಯೇಟರ್ ಆದ ಮೇಲೆ ಹಾಕಿಗೊಂದು ಅರೀನಾ ಎದ್ದಿತು. ಇಂಜಿನಿಯರ್ ಆಂಟನ್ ಟೆಡೆಸ್ಕೊ. ತೆಳ್ಳನೆ ಕಾಂಕ್ರೀಟ್ ಚಿಪ್ಪಿನ ಮಾಡು, ಒಳಗೆ ಒಂದೂ ಕಂಬ ಇಲ್ಲ. ಏಳು ಸಾವಿರ ಜನ ಕೂತು, ಕಂಬದ ಪಕ್ಕ ಕತ್ತು ಚಾಚದೆ ನೋಡಬಹುದು. ಅಷ್ಟು ದೊಡ್ಡ ಕಾಂಕ್ರೀಟ್ ಚಿಪ್ಪನ್ನು ಅಮೆರಿಕ ಅದುವರೆಗೆ ಕಂಡಿರಲಿಲ್ಲ. ಕಟ್ಟಿದವರಲ್ಲಿ ಹೆಚ್ಚಿನವರು ಊರಿನ ಸುತ್ತಮುತ್ತಲ ಕೂಲಿಯವರೇ. 1936ರ ಡಿಸೆಂಬರ್ 19ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು.

ಎಲ್ಲವೂ ಸಿಹಿಯಾಗಿತ್ತು ಎಂದು ತಿಳಿಯಬೇಡಿ. ನಾಲ್ಕು ತಿಂಗಳಾಗುವಷ್ಟರಲ್ಲಿ, 1937ರ ಏಪ್ರಿಲ್‌ನಲ್ಲಿ, ಕಾರ್ಖಾನೆಯ ಕೆಲಸಗಾರರು ಒಳಗೇ ಕೂತು ಮುಷ್ಕರ ಹೂಡಿದರು. ಹಾಲು ಕೊಳ್ಳುವವರಿಲ್ಲದೆ ಸಿಟ್ಟಾದ ರೈತರು, ಮುಷ್ಕರ ಒಪ್ಪದ ಕೆಲಸಗಾರರ ಜೊತೆ ಸೇರಿ ಒಳಗೆ ನುಗ್ಗಿ ಹೊಡೆದರು. ಒಬ್ಬನೇ ಯಜಮಾನ ಕಟ್ಟಿದ ಊರಿನಲ್ಲಿ ಮನೆ, ಪಾರ್ಕು, ಆಟದ ತಂಡ ಎಲ್ಲ ಅವನದೇ ಆದಾಗ ಸಂಬಳದ ಮಾತು ಎತ್ತುವುದು ಎಷ್ಟು ಕಷ್ಟ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ಆಟಕ್ಕೆ ಬರೋಣ. ಲೀಗ್‌ನ ಬಹುಮಾನ ಕಾಲ್ಡರ್ ಕಪ್. ಹರ್ಷಿ ಗೆದ್ದ ಮೊದಲ ಕಪ್ 1947ರಲ್ಲಿ. 2024ರ ಹೊತ್ತಿಗೆ 13 ಆಗಿದ್ದವು. ಅಷ್ಟು ಕಪ್ ಇನ್ಯಾವ ತಂಡದ ಹತ್ತಿರವೂ ಇರಲಿಲ್ಲ.

ಈ 13ರಲ್ಲಿ ಆರು ಕಪ್‌ಗಳ ಹಿಂದೆ ಒಬ್ಬನೇ ಮನುಷ್ಯ ಇದ್ದಾನೆ, ಫ್ರಾಂಕ್ ಮ್ಯಾದರ್ಸ್. ಕೆನಡಾದವನು. 1956ರಲ್ಲಿ ಆಟಗಾರನೂ ಕೋಚೂ ಆಗಿ ಬಂದ. 1958, 1959, 1969ರಲ್ಲಿ ಕೋಚ್ ಆಗಿ ಗೆಲ್ಲಿಸಿದ. 1974, 1980, 1988ರಲ್ಲಿ ಆಡಳಿತದ ಚುಕ್ಕಾಣಿ ಹಿಡಿದು ಗೆಲ್ಲಿಸಿದ. 1991ರಲ್ಲಿ ನಿವೃತ್ತನಾದಾಗ ಅವನು ಹರ್ಷಿಗೆ ಬಂದು 35 ವರ್ಷವಾಗಿತ್ತು. ಮರುವರ್ಷ ಅವನನ್ನು ಹಾಕಿಯ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಮೇಲಿನ ಲೀಗ್‌ನಲ್ಲಿ ಅವನು ಆಡಿದ್ದು ಬೆರಳೆಣಿಕೆಯ ಪಂದ್ಯಗಳು. ಆ ಗೌರವ ಬಂದದ್ದು ಹರ್ಷಿಯಲ್ಲಿ ಮಾಡಿದ ಕೆಲಸಕ್ಕೆ. ನಿಮ್ಮ “ಸೋಲಲ್ವಾ” ಎಂಬ ಪ್ರಶ್ನೆ ಓದಿದಾಗ ನನಗೆ ಮೊದಲು ನೆನಪಾದವನು ಅವನೇ.

ಆ ಹಳೆಯ ಅರೀನಾ ಹಾಕಿಗಿಂತ ಬೇರೆಯದನ್ನೂ ಕಂಡಿದೆ. 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲೇನ್ ಒಂದೇ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ 100 ಅಂಕ ಗಳಿಸಿದ್ದು ಅದರೊಳಗೆ. ಕಣ್ಣಾರೆ ನೋಡಿದವರು 4,124 ಜನ ಮಾತ್ರ. ಟಿವಿಯಲ್ಲಿ ಬರಲಿಲ್ಲ.

ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೊಂದು. 1979ರ ಮಾರ್ಚ್ 28ರಂದು, ಹರ್ಷಿಯಿಂದ ಬಹಳ ದೂರವೇನಿಲ್ಲದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಅಪಘಾತವಾಯಿತು. ಎರಡು ದಿನ ಕಳೆದ ಮೇಲೆ, ಐದು ಮೈಲಿ ಒಳಗಿನ ಗರ್ಭಿಣಿಯರೂ ಪುಟ್ಟ ಮಕ್ಕಳೂ ಹೊರಡಿ ಎಂದು ರಾಜ್ಯಪಾಲರು ಸೂಚಿಸಿದರು. ಅವರಲ್ಲಿ ಅನೇಕರು ಬಂದಿಳಿದದ್ದು ಈ ಹಾಕಿ ಅರೀನಾಗೆ. ಆಟಕ್ಕೆ ಚಪ್ಪಾಳೆ ತಟ್ಟುತ್ತಿದ್ದ ಜಾಗದಲ್ಲಿ ಸಾಲು ಮಂಚ, ಕಂಬಳಿ, ಅಳುವ ಕೂಸುಗಳು. ಮರುವರ್ಷ ಅದೇ ಊರಿನ ತಂಡ ಕಪ್ ಗೆದ್ದಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅಂಥ ದಿನಗಳಲ್ಲಿ ಅಲ್ಲಿ ತಂಗಿದ್ದ ತಾಯಿಗೆ ಅದು ಬರೀ ಆಟದ ಕಟ್ಟಡ ಆಗಿರಲಾರದು.

1988ರಲ್ಲಿ ಪ್ಲೇ-ಆಫ್‌ನ 12 ಪಂದ್ಯಗಳನ್ನೂ ಗೆದ್ದು ಕಪ್ ಎತ್ತಿದರು, ಒಂದನ್ನೂ ಸೋಲದೆ. 2002ರಲ್ಲಿ ಹೊಸ ಅರೀನಾ ಬಂತು, ನೀವು ಕೂತಿದ್ದ ಜೈಂಟ್ ಸೆಂಟರ್. 2005ರಿಂದ ಮೇಲಿನ ಲೀಗ್‌ನ ವಾಷಿಂಗ್ಟನ್ ಕ್ಯಾಪಿಟಲ್ಸ್ ಜೊತೆ ಜೋಡಿ. ಆಮೇಲೆ 2006, 2009, 2010ರಲ್ಲಿ ಕಪ್‌ಗಳು.

ಆ ಕಾಲದ ಒಬ್ಬನ ಕಥೆ ಹೇಳಲೇಬೇಕು. ಜೇ ಬೀಗಲ್. ಮೇಲಿನ ಲೀಗ್‌ನ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹುಡುಗ. ಮೂರನೇ ಮೆಟ್ಟಿಲಿನ ಲೀಗ್‌ನಲ್ಲಿ 2007ರಲ್ಲಿ ಕೆಲ್ಲಿ ಕಪ್ ಗೆದ್ದ. ಹರ್ಷಿಗೆ ಬಂದು 2009ರಲ್ಲೂ 2010ರಲ್ಲೂ ಕಾಲ್ಡರ್ ಕಪ್ ಗೆದ್ದ. 2018ರಲ್ಲಿ ವಾಷಿಂಗ್ಟನ್ ಪರವಾಗಿ ಮೇಲಿನ ಲೀಗ್‌ನ ಸ್ಟ್ಯಾನ್ಲಿ ಕಪ್ ಎತ್ತಿದ. ಮೂರೂ ಕಪ್ ಗೆದ್ದವರಲ್ಲಿ ಅವನೇ ಮೊದಲಿಗ. ಆ ವರ್ಷ ವಾಷಿಂಗ್ಟನ್ ತಂಡದಲ್ಲಿದ್ದ ಗೋಲ್‌ಕೀಪರ್ ಬ್ರೇಡನ್ ಹೋಲ್ಟ್‌ಬಿ, ಡಿಫೆನ್ಸ್‌ನ ಜಾನ್ ಕಾರ್ಲ್‌ಸನ್ ಕೂಡ ಹರ್ಷಿಯಲ್ಲಿ ಆಡಿ ಹೋದವರೇ.

2023ರ ಫೈನಲ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಅದು ಅಂಥ ಫೈನಲ್. ಇಲ್ಲಿ ಫೈನಲ್ ಎಂದರೆ ಒಂದೇ ಪಂದ್ಯವಲ್ಲ, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್. ಎದುರಾಳಿ ಕ್ಯಾಲಿಫೋರ್ನಿಯಾದ ಮರುಭೂಮಿಯ ಕೋಚೆಲ್ಲಾ ವ್ಯಾಲಿ, ಆ ಸೀಸನ್‌ನಲ್ಲೇ ಆಟ ಶುರುಮಾಡಿದ ತಂಡ. ಮೊದಲ ಎರಡು ಪಂದ್ಯಗಳಲ್ಲಿ ಹರ್ಷಿ ಒಂದೂ ಗೋಲು ಹೊಡೆಯಲಿಲ್ಲ. 5–0, 4–0. ಅಲ್ಲಿಂದ ಎದ್ದು ಬಂದು ಏಳನೇ ಪಂದ್ಯದವರೆಗೆ ಎಳೆದರು. ಜೂನ್ 21, ಹೊರಗೆ ಮರುಭೂಮಿಯ ಬೇಸಿಗೆ, ಒಳಗೆ ಮಂಜುಗಡ್ಡೆ. ಅಲ್ಲೂ ಮೊದಲು 2–0 ಹಿಂದೆ ಬಿದ್ದರು. ಆಮೇಲೆ ಸಮ ಮಾಡಿದರು. ಓವರ್‌ಟೈಮ್‌ನಲ್ಲಿ ಮೈಕ್ ವೆಕಿಯೋನಿ ಹೊಡೆದ ಗೋಲಿಗೆ 3–2. ಐಸ್ ಹಾಕಿಯ ಪಕ್ ಎಂದರೆ 170 ಗ್ರಾಂ ತೂಕದ ರಬ್ಬರ್ ಬಿಲ್ಲೆ. ಪುಟಿಯಬಾರದೆಂದು ಆಟಕ್ಕೆ ಮೊದಲು ಅದನ್ನು ಫ್ರೀಜ್ ಮಾಡಿರುತ್ತಾರೆ. ಎರಡು ತಿಂಗಳ ಹೋರಾಟ ಅಷ್ಟು ಚಿಕ್ಕ ಬಿಲ್ಲೆ ಗೆರೆ ದಾಟುವುದರಲ್ಲಿ ಮುಗಿಯಿತು. ಮರುವರ್ಷ ಫೈನಲ್‌ನಲ್ಲಿ ಮತ್ತೆ ಅದೇ ಎದುರಾಳಿ. ಮತ್ತೆ ಓವರ್‌ಟೈಮ್. ಈ ಸಲ ಗೆದ್ದದ್ದು ಹರ್ಷಿಯಲ್ಲೇ, ತಮ್ಮ ಜನರ ಮುಂದೆ.

ಅಷ್ಟು ಜನ ಯಾಕೆ ಸೇರುತ್ತಾರೆ ಎಂದು ಕೇಳಿದ್ದೀರಿ. ಉತ್ತರ ನಿಮ್ಮ ಪತ್ರದ ಮೂರನೇ ಪುಟದಲ್ಲೇ ಇದೆ. ಚಿಕ್ಕಂದಿನಲ್ಲಿ ಕ್ವಾರ್ಟರ್ಸ್ ಪಕ್ಕದ ಮೈದಾನದಲ್ಲಿ ಕಾರ್ಖಾನೆ ತಂಡ ಆಡುವಾಗ, ಶಿಫ್ಟ್ ಮುಗಿಸಿದವರು ಮನೆಗೆ ಹೋಗದೆ ಟಿಫಿನ್ ಕ್ಯಾರಿಯರ್ ಹಿಡಿದುಕೊಂಡೇ ನಿಂತು ನೋಡುತ್ತಿದ್ದರು ಎಂದು ಬರೆದಿದ್ದೀರಿ. ಆಗ ಯಾರಾದರೂ ಈ ತಂಡ ಯಾವ ದರ್ಜೆಯದು ಎಂದು ಕೇಳಿದ್ದರಾ? ನಮ್ಮವರು ಆಡುತ್ತಿದ್ದಾರೆ, ಅಷ್ಟೇ ಅಲ್ವಾ? ಹರ್ಷಿಯಲ್ಲೂ ಅಷ್ಟೇ. ಚೆನ್ನಾಗಿ ಆಡಿದ ಹುಡುಗ ಎರಡು ವರ್ಷದಲ್ಲಿ ವಾಷಿಂಗ್ಟನ್‌ಗೆ ಹೋಗುತ್ತಾನೆ. ಅದು ಗೊತ್ತಿದ್ದೂ ಅವನಿಗೆ ಚಪ್ಪಾಳೆ ಹೊಡೆಯುತ್ತಾರೆ. ಮಗಳನ್ನು ಕಳಿಸಿಕೊಟ್ಟ ನಿಮಗೆ ಅದು ಅರ್ಥವಾಗದ ವಿಷಯವೇನಲ್ಲ.

ಕರಡಿ ಎಸೆಯುವ ಪದ್ಧತಿ ಹುಟ್ಟಿದ್ದು ಹರ್ಷಿಯಲ್ಲಲ್ಲ. 1993ರಲ್ಲಿ ಕೆನಡಾದ ಕ್ಯಾಮ್‌ಲೂಪ್ಸ್ ಊರಿನ ಹುಡುಗರ ತಂಡ ಶುರುಮಾಡಿದ್ದು. ಆದರೆ ಹರ್ಷಿಯವರು ಅದನ್ನು ಎಲ್ಲಿಗೋ ಒಯ್ದರು. 2019ರಲ್ಲಿ 45,650 ಬೊಂಬೆಗಳು ಬಿದ್ದವು. 2023ರಲ್ಲಿ 67,309. 2024ರಲ್ಲಿ 74,599. ನೀವಿದ್ದ ದಿನ, 2025ರ ಜನವರಿ 5ರಂದು, 1,02,343. ಅರೀನಾದಲ್ಲಿ ಹಿಡಿಸುವುದು ಸುಮಾರು 10,500 ಜನ. ಅಂದರೆ ತಲೆಗೆ ಹತ್ತರಷ್ಟು. ಚೀಲಗಟ್ಟಲೆ ಹೊತ್ತು ತಂದವರನ್ನು ನೋಡಿದೆ ಎಂದು ನೀವು ಬರೆದದ್ದು ಅದಕ್ಕೇ.

ನಿಮ್ಮ ಮೊಮ್ಮಗಳು ಆಮೇಲೆ ದಾರಿಯುದ್ದಕ್ಕೂ “ನನ್ನ ಕರಡಿ ಈಗ ಎಲ್ಲಿದೆ?” ಎಂದು ಕೇಳುತ್ತಿದ್ದಳು, ಹೇಳಲು ಗೊತ್ತಾಗಲಿಲ್ಲ ಎಂದಿದ್ದೀರಿ. ಅವಳಿಗೆ ಹೇಳಿ, ಎಣಿಸಿ ಮುಗಿದ ಮೇಲೆ ಎಲ್ಲ ಬೊಂಬೆಗಳನ್ನೂ ಆ ಸುತ್ತಮುತ್ತಲಿನ ಸೇವಾ ಸಂಸ್ಥೆಗಳಿಗೆ ಹಂಚುತ್ತಾರೆ. ಅವರು ಅವನ್ನು ಮಕ್ಕಳಿಗೆ ಕೊಡುತ್ತಾರೆ. ಅವಳದೂ ಅಲ್ಲೇ ಹತ್ತಿರದ ಯಾವುದೋ ಮನೆಯಲ್ಲಿ ಇರುತ್ತದೆ.

ಮತ್ತೆ ಆ ಕಡೆ ಹೋದರೆ ಜೈಂಟ್ ಸೆಂಟರ್‌ನಿಂದ ಸ್ವಲ್ಪ ನಡೆಯಿರಿ. 1936ರ ಅರೀನಾ ಇನ್ನೂ ನಿಂತಿದೆ. ಕಾರ್ಖಾನೆಯಲ್ಲಿ ಕೆಲಸ ಮಾಡಿದ ನಿಮ್ಮ ಕಣ್ಣಿಗೆ ಆ ಮಾಡಿನಲ್ಲಿ ನನಗೆ ಗೊತ್ತಾಗದ್ದು ಏನಾದರೂ ಕಂಡೀತು. ಕಂಡರೆ ಬರೆಯಿರಿ, ಮುಂದಿನ ಸಲವೂ ನಾಲ್ಕು ಪುಟ.

— ಸಂಪಾದಕ